ಭೀಮೆ ಇಳಿದ ಮೇಲೆ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಉಜನಿ ಜಲಾಶಯದಿಂದ ಬಿಟ್ಟ ನೀರು ಸೊನ್ನ ಬ್ಯಾರೇಜನ್ನು ದಾಟಿ ಬಂದು, ಅಫಜಲಪುರ ತಾಲ್ಲೂಕಿನ ನಮ್ಮ ಮನೆಯೊಳಗೆ ಎದೆಮಟ್ಟ ನಿಂತಿತ್ತು. ನೀರು ಇಳಿದ ಮೇಲೆ ಉಳಿದ ಎರೆಮಣ್ಣಿನ ಕೆಸರನ್ನು, ಅದು ಗಟ್ಟಿಯಾಗುವ ಮೊದಲೇ ಸಲಿಕೆಯಿಂದ ಎತ್ತಿ ಹಾಕಿದೆವು. ನೆಲದ ಶಹಾಬಾದ್ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ತೊಳೆದು, ಅಡಿಯ ಮಣ್ಣು ಆರುವವರೆಗೆ ಅಂಗಳದ ಗೋಡೆಗೆ ಒರಗಿಸಿಟ್ಟೆವು. ಗೌಂಡಿ ಕೂಡಲೇ ಸಿಮೆಂಟ್ ಗಿಲಾವು ಮಾಡೋಣವೆಂದರು; ನಾನು ಒಪ್ಪಲಿಲ್ಲ. ಹಸಿ ಗೋಡೆಗೆ ಸಿಮೆಂಟ್ ಹಚ್ಚಿದರೆ ತೇವ ಒಳಗೇ ಸಿಕ್ಕಿಕೊಂಡು, ಬಿಳಿ ಉಪ್ಪು ಎದ್ದು ಗಿಲಾವು ಉದುರುತ್ತದೆ. ಸುಣ್ಣದ ಗಾರೆ ತೇವವನ್ನು ನಿಧಾನವಾಗಿ ಹೊರಗೆ ಬಿಡುತ್ತದೆ. ನಮ್ಮ ಅವ್ವನಿಗೆ ಮಾತ್ರ ಗೋಡೆಗಿಂತ ಹಗೇವಿನಲ್ಲಿ (ಕಾಳು ತುಂಬಿಡುವ ನೆಲದ ಗುಂಡಿಯಲ್ಲಿ) ಕೊಳೆತ ಜೋಳದ ಸಂಕಟವೇ ದೊಡ್ಡದಾಗಿತ್ತು. ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಹೊಸ ಒಲೆ ಹೂಡಿ, ಅದರ ಮೇಲೆ ಆಕೆ ಮೊದಲ ಸಜ್ಜೆರೊಟ್ಟಿ ಬೇಯಿಸಿದಳು.