ಗಿಟಾರ್ ಸ್ಪೀಡ್ ಮತ್ತು ಮೂರು ಕಾಲ

ಗಿಟಾರಿನಲ್ಲಿ ಸ್ಪೀಡ್ ಬರಬೇಕಾ? ಮೊದಲು ನಿಮ್ಮ ಎಡಗೈ ಬೆರಳುಗಳನ್ನು ನೋಡಿ. ತಂತಿ ಬಿಟ್ಟ ಮೇಲೆ ಬೆರಳು ಎಷ್ಟು ಮೇಲಕ್ಕೆ ಹಾರುತ್ತದೋ ಅಷ್ಟೂ ದೂರ ಅದು ವಾಪಸ್ ಬರಬೇಕು ಅಲ್ವಾ, ಸಮಯ ಹೋಗುವುದೇ ಅಲ್ಲಿ. ನಿಧಾನವಾಗಿ ನುಡಿಸುವಾಗ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ತೋರಿಸುವ ಸಾಧನ) 60ಕ್ಕೆ, ಅಂದ್ರೆ ನಿಮಿಷಕ್ಕೆ 60 ಬೀಟಿಗೆ ಇಟ್ಟು, ಬೀಟಿಗೆ ನಾಲ್ಕು ಸ್ವರ ನುಡಿಸಿದರೆ ಸೆಕೆಂಡಿಗೆ 4 ಸ್ವರ, 120ಕ್ಕೆ ಹೋದರೆ 8. ನಡುವಿನ ದಾರಿಯಲ್ಲಿ ಭುಜವೋ ಮಣಿಕಟ್ಟೋ ಬಿಗಿಯಾದ ಕೂಡಲೇ ಕೆಳಗಿಳಿಯಬೇಕು, ಯಾಕಂದ್ರೆ ಬಿಗಿ ಕೈಯಲ್ಲೇ ಅಭ್ಯಾಸ ಮಾಡಿದರೆ ಕೈ ಆ ಬಿಗಿತವನ್ನೇ ಕಲಿಯುತ್ತದೆ. ಮೀಟಲು ಹಿಡಿಯುವ ಪಿಕ್‌ನ ತುದಿ ಮಾತ್ರ ತಂತಿಗೆ ತಾಗಲಿ. ಸುಮ್ನೆ ಇಡೀ ಸ್ಕೇಲ್ (ಸ್ವರಗಳ ಪೂರ್ತಿ ಸಾಲು) ಓಡಿಸುವ ಬದಲು ಐದಾರು ಸ್ವರದ ಒಂದು ತುಣುಕನ್ನು ವೇಗವಾಗಿ ನುಡಿಸಿ, ನಿಲ್ಲಿಸಿ, ಕೈ ಸಡಿಲ ಬಿಟ್ಟು, ಮತ್ತೆ ನುಡಿಸುವುದು ನನ್ನ ಪ್ರಕಾರ ಜಾಸ್ತಿ ಫಲ ಕೊಡುತ್ತದೆ.

ಕರ್ನಾಟಕ ಸಂಗೀತದ ಪಾಠದಲ್ಲಿ ಸರಳೆ ವರಸೆಯನ್ನು (ಮೊದಮೊದಲ ಸ್ವರ ಅಭ್ಯಾಸ) ಮೂರು ಕಾಲದಲ್ಲಿ, ಅಂದ್ರೆ ಮೂರು ವೇಗದಲ್ಲಿ ಹಾಡಿಸುತ್ತಾರಲ್ಲ, ತಾಳದ ನಡೆ ಬದಲಾಗುವುದಿಲ್ಲ, ಸ್ವರ ಮಾತ್ರ ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು. ಅದನ್ನೇ ನಾನು ಮಾಯಾಮಾಳವಗೌಳ ರಾಗದಲ್ಲಿ ಗಿಟಾರಿನ ಮೇಲೆ ನುಡಿಸುತ್ತೇನೆ. ಎಷ್ಟು ಚೆಂದದ ಅಭ್ಯಾಸ ಅದು! ನೂರಾರು ವರ್ಷಗಳಿಂದ ಮಕ್ಕಳು ವೇಗ ಕಲಿತದ್ದೇ ಹೀಗೆ. ಬೆರಳಿನ ಜೊತೆ ಕಿವಿಯೂ ಕೆಲಸ ಮಾಡುತ್ತದೆ, ಹಾಗಾಗಿ ಬೇರೆ ಯಾವ ಎಕ್ಸರ್‌ಸೈಜಿಗಿಂತ ಇದೇ ನನಗೆ ಇಷ್ಟ. ಗಿಟಾರ್ ಇರುವವರು ಒಮ್ಮೆ ಟ್ರೈ ಮಾಡಿ. ಕೈ ನೋವು ಬಂದರೆ ಮಾತ್ರ ಅವತ್ತಿಗೆ ನಿಲ್ಲಿಸಿಬಿಡಿ.