ಓವರ್‌ಕ್ಲಾಕ್ ಬೋರ್ಡನ್ನು ಕಲಬುರಗಿ ಬೇಸಿಗೆಯಲ್ಲಿ ನೋಡಬೇಕು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಅಸೆಂಬ್ಲಿ ಮಾಡುವುದು ನನ್ನ ಕೆಲಸ. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಇಂಜಿನಿಯರಿಂಗ್ ಹುಡುಗರು, ಗೇಮ್ ಆಡುವವರು, ಎಲ್ಲರೂ ಬರುತ್ತಾರೆ. ಓವರ್‌ಕ್ಲಾಕ್ ಮಾಡಲು, ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಲು, ದುಬಾರಿ ಮದರ್‌ಬೋರ್ಡ್ ಬೇಕು ಅನ್ನುವವರು ಹೆಚ್ಚಾಗಿ ಒಂದೇ ಮಾತು ಕೇಳುತ್ತಾರೆ: "ಅಣ್ಣಾ, ಇದಕ್ಕ ಎಷ್ಟು ಫೇಸ್ ಅವ?"

ಫೇಸ್ ಅಂದರೆ ಪ್ರೊಸೆಸರ್‌ಗೆ ಕರೆಂಟ್ ಕೊಡುವ ಕೆಲಸವನ್ನು ಹಂಚಿಕೊಳ್ಳುವ ಒಂದೊಂದು ಸಾಲು. ಡಬ್ಬಿಯ ಮೇಲೆ 18+1+2 ಫೇಸ್, ಒಂದೊಂದೂ 105 ಆಂಪ್ ಅಂತ ದೊಡ್ಡದಾಗಿ ಬರೆದಿರುತ್ತದೆ. ಇದರಲ್ಲಿ ಮೊದಲ 18 ಪ್ರೊಸೆಸರ್‌ನ ಮುಖ್ಯ ಭಾಗಕ್ಕೆ. ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಇಂಟೆಲ್‌ನ ಐ9-14900ಕೆ ಪ್ರೊಸೆಸರ್‌ಗೆ ಕಂಪನಿ ಹೇಳುವ ಗರಿಷ್ಠ ಟರ್ಬೊ ಪವರ್ 253 ವ್ಯಾಟ್. 1.25 ವೋಲ್ಟ್‌ನಲ್ಲಿ ಅದು ಸುಮಾರು 200 ಆಂಪ್ ಆಗುತ್ತದೆ. 18ರಲ್ಲಿ ಹಂಚಿದರೆ ಒಂದು ಫೇಸ್‌ಗೆ ಬರುವುದು ಬರೀ 11 ಆಂಪ್. ಓವರ್‌ಕ್ಲಾಕ್ ಮಾಡಿ 350 ವ್ಯಾಟ್‌ಗೆ ಏರಿಸಿ, 1.35 ವೋಲ್ಟ್ ಕೊಟ್ಟರೂ 15 ಆಂಪ್ ದಾಟುವುದಿಲ್ಲ. ನಾಲ್ಕು ಜನ ಎತ್ತುವ ಶಹಾಬಾದ್ ಕಲ್ಲಿಗೆ ಹದಿನೆಂಟು ಜನ ಕೈ ಹಾಕಿದಂತೆ. ಹಾಗಿರುವಾಗ 18 ಫೇಸ್ ಬೋರ್ಡಿಗೂ 20 ಫೇಸ್ ಬೋರ್ಡಿಗೂ ಬೆಲೆಯಲ್ಲಿ ವ್ಯತ್ಯಾಸ ಕಾಣಬಹುದು, ಕೆಲಸದಲ್ಲಿ ಕಾಣುವುದಿಲ್ಲ.

ಹಾಗಾದರೆ ನೋಡಬೇಕಾದ್ದು ಏನು? ಶಾಖ. ವಿಆರ್‌ಎಂ, ಅಂದರೆ ಈ ಫೇಸ್‌ಗಳೆಲ್ಲ ಸೇರಿ ಪ್ರೊಸೆಸರ್‌ಗೆ ವೋಲ್ಟೇಜ್ ಇಳಿಸಿ ಕೊಡುವ ಭಾಗ, ನೂರಕ್ಕೆ ನೂರು ದಕ್ಷವಾಗಿ ಕೆಲಸ ಮಾಡುವುದಿಲ್ಲ. ದಕ್ಷತೆ ಶೇಕಡಾ 90 ಅಂತ ಇಟ್ಟುಕೊಳ್ಳಿ. ಪ್ರೊಸೆಸರ್‌ಗೆ 250 ವ್ಯಾಟ್ ಕೊಡುವಾಗ ಸುಮಾರು 28 ವ್ಯಾಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಆ ಬಿಸಿ ಮೇಲೆ ಕೂರಿಸಿದ ಲೋಹದ ಹೀಟ್‌ಸಿಂಕ್‌ಗೆ ಸರಿಯಾಗಿ ಏರಿ, ಅಲ್ಲಿಂದ ಗಾಳಿಗೆ ಬಿಟ್ಟುಹೋಗಬೇಕು.

ನಮ್ಮೂರಿನ ವಿಷಯ ಬರುವುದು ಇಲ್ಲೇ. ಬೋರ್ಡ್ ವಿಮರ್ಶೆ ಮಾಡುವವರು ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಇರುವ ರೂಮಿನಲ್ಲಿ ಪರೀಕ್ಷೆ ಮಾಡುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಹೊರಗೆ 42 ಡಿಗ್ರಿ ದಾಟುತ್ತದೆ. ಮೇಲಿನ ಮಹಡಿಯ ರೂಮು, ಎಸಿ ಇಲ್ಲ ಅಂದರೆ ಒಳಗೂ ಹೆಚ್ಚುಕಡಿಮೆ ಅದೇ ಪರಿಸ್ಥಿತಿ. ರೂಮು ಎಷ್ಟು ಡಿಗ್ರಿ ಏರುತ್ತದೋ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ವಿಮರ್ಶೆಯಲ್ಲಿ 60 ಡಿಗ್ರಿ ತೋರಿಸಿದ ವಿಆರ್‌ಎಂ ಇಲ್ಲಿ 80ರ ಹತ್ತಿರ ಬರುತ್ತದೆ. ಅದಕ್ಕೆ ಹೆದರಬೇಕಿಲ್ಲ, ಆ ಚಿಪ್‌ಗಳು 100 ಡಿಗ್ರಿಯನ್ನೂ ತಡೆಯುತ್ತವೆ. ತೊಂದರೆ ಇರುವುದು ಪ್ರೊಸೆಸರ್‌ನಲ್ಲಿ. ಆ ಐ9ರ ಮಿತಿ 100 ಡಿಗ್ರಿ, ಎಎಂಡಿ ಕಂಪನಿಯ ರೈಜೆನ್ 7000 ಸರಣಿಯ ಹೆಚ್ಚಿನವಕ್ಕೆ 95. ತಂಪು ರೂಮಿನಲ್ಲಿ 85ಕ್ಕೆ ನಿಂತ ಪ್ರೊಸೆಸರ್ ಇಲ್ಲಿ ಮಿತಿಗೆ ಬಡಿದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಓವರ್‌ಕ್ಲಾಕ್ ಮಾಡಿದ್ದು ಮಧ್ಯಾಹ್ನದ ಹೊತ್ತಿಗೆ ಇಲ್ಲವೇ ಇಲ್ಲ, ಅಲ್ವಾ?

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ. ನಮ್ಮ ಕಡೆ ಒಳ್ಳೆ ಬೋರ್ಡಿನ ಪವರ್ ಮುಗಿಯುವ ಮೊದಲೇ ಕೂಲರ್ ಸೋಲುತ್ತದೆ. ಬೋರ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದು, ಆ ದುಡ್ಡನ್ನು ಕೂಲರ್‌ಗೂ ಗಾಳಿ ಆಡುವ ಕ್ಯಾಬಿನೆಟ್‌ಗೂ ಹಾಕಿ ಅಂತ ಧೈರ್ಯವಾಗಿ ಹೇಳುತ್ತೇನೆ. ವಾಟರ್ ಕೂಲರ್ ಹಾಕುವವರಿಗೆ ಇನ್ನೊಂದು ಮಾತು. ಟವರ್ ಕೂಲರ್‌ನ ಫ್ಯಾನ್ ಗಾಳಿ ಅಕ್ಕಪಕ್ಕದ ವಿಆರ್‌ಎಂ ಮೇಲೂ ಬೀಳುತ್ತದೆ. ವಾಟರ್ ಕೂಲರ್‌ನಲ್ಲಿ ಆ ಗಾಳಿ ಸಿಗುವುದಿಲ್ಲ. ಅದಕ್ಕೇ ಕ್ಯಾಬಿನೆಟ್‌ನ ಹಿಂದೆ, ವಿಆರ್‌ಎಂ ಪಕ್ಕದಲ್ಲೇ ಗಾಳಿ ಎಳೆಯುವ ಒಂದು ಫ್ಯಾನ್ ಕಡ್ಡಾಯವಾಗಿ ಹಾಕುತ್ತೇನೆ.

ಪರೀಕ್ಷೆಯನ್ನು ಮಧ್ಯಾಹ್ನವೇ ಮಾಡುತ್ತೇನೆ. ಎಸಿ ಆಫ್, ಕ್ಯಾಬಿನೆಟ್ ಬಾಗಿಲು ಮುಚ್ಚಿರಬೇಕು. ಐದು ನಿಮಿಷ ಓಡಿಸಿ ಚೆನ್ನಾಗಿದೆ ಅನ್ನುವುದರಲ್ಲಿ ಅರ್ಥ ಇಲ್ಲ. ಹೀಟ್‌ಸಿಂಕ್ ದಪ್ಪ ಅಲ್ಯೂಮಿನಿಯಂ, ಪೂರ್ತಿ ಬಿಸಿಯಾಗಲು ಹೊತ್ತು ಹಿಡಿಯುತ್ತದೆ. ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಒಸಿಸಿಟಿ ಅಥವಾ ಸಿನೆಬೆಂಚ್ ಸಾಫ್ಟ್‌ವೇರ್ ಅರ್ಧ ಗಂಟೆಗಿಂತ ಜಾಸ್ತಿ ಓಡಲಿ. ಪಕ್ಕದಲ್ಲಿ ಅಳತೆ ತೋರಿಸುವ ಎಚ್‌ಡಬ್ಲ್ಯುಇನ್ಫೊ ತೆರೆದು ವಿಆರ್‌ಎಂ ಶಾಖ, ಪ್ರೊಸೆಸರ್ ವೇಗ, ವೋಲ್ಟೇಜ್ ಮೂರನ್ನೂ ಗಮನಿಸುತ್ತೇನೆ.

ವೋಲ್ಟೇಜ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಯಾಸ್‌ನಲ್ಲಿ, ಅಂದರೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್‌ನಲ್ಲಿ, 1.30 ವೋಲ್ಟ್ ಕೊಟ್ಟರೆ ಲೋಡ್ (ಭಾರೀ ಕೆಲಸ) ಬಿದ್ದಾಗ ಅದು 1.22ಕ್ಕೆ ಇಳಿಯಬಹುದು. ಬೋರ್ಡ್ ಕಳಪೆ ಅಂತ ಹುಡುಗರು ಬೇಜಾರಾಗುತ್ತಾರೆ. ಆದರೆ ಅದು ಬೇಕೆಂದೇ ಇಟ್ಟ ಇಳಿತ. ಲೋಡ್ ದಿಢೀರನೆ ಬಿಟ್ಟಾಗ ವೋಲ್ಟೇಜ್ ಒಂದು ಕ್ಷಣ ಮೇಲಕ್ಕೆ ಚಿಮ್ಮುತ್ತದೆ. ಮೊದಲೇ ಇಳಿದಿದ್ದರೆ ಆ ಚಿಮ್ಮು ಅಪಾಯದ ಮಟ್ಟ ಮುಟ್ಟುವುದಿಲ್ಲ. ಲೋಡ್‌ಲೈನ್ ಕ್ಯಾಲಿಬ್ರೇಶನ್ ಅನ್ನುವ ಸೆಟ್ಟಿಂಗ್ ಇರುವುದು ಈ ಇಳಿತವನ್ನು ಕಡಿಮೆ ಮಾಡಲು. ಅದನ್ನು ಕೊನೆಯ ಮಟ್ಟಕ್ಕೆ ಏರಿಸಬೇಡಿ, ನಡುವಿನಲ್ಲಿ ಇಡಿ. ನಡುವಿನ ಮಟ್ಟದಲ್ಲಿ ವೋಲ್ಟೇಜ್ ಅತ್ತಿತ್ತ ಕುಣಿಯದೆ ಒಂದೇ ಕಡೆ ನಿಂತರೆ ನನ್ನ ಪ್ರಕಾರ ಅದು ಒಳ್ಳೆ ಬೋರ್ಡ್.

ಎಲ್ಲವನ್ನೂ ಆಟೊದಲ್ಲಿ ಬಿಟ್ಟಾಗ ಬೋರ್ಡ್ ಎಷ್ಟು ವೋಲ್ಟೇಜ್ ಕೊಡುತ್ತದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳುತ್ತೇನೆ. ಸುಮ್ನೆ ಅಲ್ಲ. 2023ರಲ್ಲಿ ಕೆಲವು ರೈಜೆನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋದವು. ಆಮೇಲೆ ಹೊಸ ಬಯಾಸ್‌ಗಳಲ್ಲಿ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ನ ಮೆಮೊರಿ ನಿಯಂತ್ರಿಸುವ ಭಾಗಕ್ಕೆ ಹೋಗುವುದು) 1.3 ಮೀರದಂತೆ ಕಟ್ಟಿಹಾಕಿದರು. 2024ರಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನವು ಕ್ರ್ಯಾಶ್ ಆಗತೊಡಗಿದವು. ಅತಿ ವೋಲ್ಟೇಜ್‌ನಿಂದ ಚಿಪ್ ಒಳಗೇ ಹಾನಿಯಾಗುತ್ತಿದೆ ಅಂತ ಗೊತ್ತಾಗಿ ಆಗಸ್ಟ್‌ನಲ್ಲಿ 0x129, ಆಮೇಲೆ 0x12ಬಿ ಅನ್ನುವ ಮೈಕ್ರೊಕೋಡ್, ಅಂದರೆ ಪ್ರೊಸೆಸರ್‌ನ ಒಳಗಿನ ಸೂಚನೆಗಳ ತಿದ್ದುಪಡಿ, ಹೊಸ ಬಯಾಸ್ ಜೊತೆ ಬಂತು. ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿದರು. ಹಾಗಾಗಿ ಹೊಸ ಬಯಾಸ್ ಹಾಕದೆ ಯಾವ ಬೋರ್ಡನ್ನೂ ಅಳೆಯುವುದಿಲ್ಲ.

ಬಯಾಸ್ ಹಾಕುವಾಗ ಯುಪಿಎಸ್ ಇರಲೇಬೇಕು. ಮೇ ತಿಂಗಳ ಗಾಳಿಮಳೆಗೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ದುಬಾರಿ ಬೋರ್ಡಿಗೆ ಕೊಟ್ಟ ದುಡ್ಡು ಸಾರ್ಥಕ ಅನಿಸುವುದು ಇಂಥ ಕಡೆ: ಪೆನ್‌ಡ್ರೈವ್‌ನಿಂದ ಬಯಾಸ್ ಮತ್ತೆ ತುಂಬುವ ಫ್ಲ್ಯಾಶ್‌ಬ್ಯಾಕ್ ಬಟನ್, ಎಲ್ಲಿ ನಿಂತಿತು ಅಂತ ತೋರಿಸುವ ಎರಡಂಕಿಯ ಡಿಸ್‌ಪ್ಲೇ, ಸ್ಕ್ರೂಡ್ರೈವರ್ ಇಲ್ಲದೆ ಸಿಮಾಸ್ ಕ್ಲಿಯರ್ ಮಾಡುವ, ಅಂದರೆ ಬಯಾಸ್ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡುವ ಬಟನ್. ಓವರ್‌ಕ್ಲಾಕ್ ಅಂದರೆ ಮತ್ತೆ ಮತ್ತೆ ಬೂಟ್ ಆಗದೆ ನಿಲ್ಲುವ ಕೆಲಸ. ಈ ಮೂರು ಇದ್ದರೆ ತಲೆನೋವು ಅರ್ಧ ಕಡಿಮೆ.

ರ್‍ಯಾಮ್ ವಿಷಯದಲ್ಲಿ ಸ್ಟುಡಿಯೊದವರಿಗೆ ಒಂದು ಎಚ್ಚರಿಕೆ. ನಾಲ್ಕು ಸ್ಲಾಟ್ ಇದೆ ಅಂತ ನಾಲ್ಕೂ ತುಂಬಬೇಡಿ. ರೈಜೆನ್ 7000ಕ್ಕೆ ಎರಡು ಡಿಡಿಆರ್5 ಕಡ್ಡಿ ಹಾಕಿದರೆ ಎಎಂಡಿ ಕೊಡುವ ಅಧಿಕೃತ ವೇಗ 5200, ನಾಲ್ಕು ಹಾಕಿದರೆ 3600. 64 ಜಿಬಿ ಬೇಕಿದ್ದರೆ 32ರ ಎರಡು ಸಾಕು.

ಅಂಗಡಿಯ ಡೆಮೊ ಬೋರ್ಡ್ ಆದರೆ ಹೀಟ್‌ಸಿಂಕ್ ಬಿಚ್ಚಿಯೂ ನೋಡುತ್ತೇನೆ. ಗಿರಾಕಿಯ ಬೋರ್ಡನ್ನು ಹಾಗೆ ಬಿಚ್ಚುವಂತಿಲ್ಲ, ವಾರಂಟಿ ಪ್ರಶ್ನೆ. ಕೆಳಗಿನ, ಶಾಖ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ಮೇಲೆ ಚಿಪ್‌ಗಳ ಚೌಕ ಅಚ್ಚು ಸಾಲಾಗಿ ಮೂಡಿರುತ್ತದೆ. ಎಲ್ಲಾ ಚೌಕವೂ ಒಂದೇ ಆಳಕ್ಕೆ ಒತ್ತಿದ್ದರೆ ಸರಿ. ಒಂದು ತುದಿಯ ಎರಡು ಚಿಪ್‌ಗಳ ಗುರುತೇ ಇಲ್ಲದ ಬೋರ್ಡನ್ನು ನೋಡಿದ್ದೇನೆ. ಪ್ಯಾಡ್ ಅಲ್ಲಿ ಹೊಸದರಂತೆ ನುಣ್ಣಗಿತ್ತು. ಆ ಎರಡಕ್ಕೆ ಹೀಟ್‌ಸಿಂಕ್ ಇದ್ದೂ ಇಲ್ಲ. ಡಬ್ಬಿಯ ಮೇಲಿನ ಯಾವ ಅಂಕಿಯೂ ಇದನ್ನು ತೋರಿಸುವುದಿಲ್ಲ.

ಕೊನೆಗೆ ಮಷೀನ್ ಕೊಡುವಾಗ ಬಯಾಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸುತ್ತೇನೆ. ಚಳಿಗಾಲದ್ದರಲ್ಲಿ ಓವರ್‌ಕ್ಲಾಕ್ ಪೂರ್ತಿ ಇರುತ್ತದೆ. ಬೇಸಿಗೆಯದ್ದರಲ್ಲಿ ಪವರ್ ಮಿತಿ ಇಳಿಸಿ, ವೋಲ್ಟೇಜ್ ಸ್ವಲ್ಪ ತಗ್ಗಿಸಿರುತ್ತೇನೆ. "ಶರಣಬಸವೇಶ್ವರ ಜಾತ್ರಿ ಮುಗೀತು ಅಂದ್ರ ಬ್ಯಾಸಗಿದು ಹಾಕ್ರಿ, ದೀಪಾವಳಿಗೆ ಮತ್ತ ಬದಲಾಯಿಸ್ರಿ" ಅಂತ ಹೇಳಿ ಕಳಿಸುತ್ತೇನೆ. ಬಯಾಸ್ ಅಪ್‌ಡೇಟ್ ಮಾಡಿದರೆ ಈ ಪ್ರೊಫೈಲ್‌ಗಳು ಅಳಿಸಿಹೋಗಬಹುದು. ಅದಕ್ಕೇ ಎರಡೂ ಸೆಟ್ಟಿಂಗ್‌ಗಳ ಫೋಟೊ ತೆಗೆದು ಗಿರಾಕಿಯ ವಾಟ್ಸ್ಆ್ಯಪ್‌ಗೂ ಹಾಕಿಬಿಡುತ್ತೇನೆ.