ಹಿಂದಿಯ ‘ಸಂಶೋಧನ್’ ನಮ್ಮ ಸಂಶೋಧನೆಯಲ್ಲ

ಹಿಂದಿ ಸುತ್ತೋಲೆಗಳನ್ನು ಕನ್ನಡಕ್ಕೆ ತರುವಾಗ ಗೊತ್ತಿಲ್ಲದ ಪದ ಅಷ್ಟಾಗಿ ಕೆಡಿಸುವುದಿಲ್ಲ. ಅದಕ್ಕೆ ನಿಘಂಟು ತೆಗೆದೇ ತೆಗೆಯುತ್ತೇವೆ. ಕೆಡಿಸುವುದು ಗೊತ್ತಿದೆ ಅಂದುಕೊಂಡ ಪದ. ಕನ್ನಡ ದ್ರಾವಿಡ ಭಾಷೆ, ಹಿಂದಿ ಇಂಡೋ-ಆರ್ಯನ್. ಆದರೂ ಸಂಸ್ಕೃತದ ಒಂದೇ ಪದವನ್ನು ಎರಡೂ ತಮ್ಮ ತಮ್ಮ ಅರ್ಥಕ್ಕೆ ಒಗ್ಗಿಸಿಕೊಂಡಿವೆ. ಪದ ಕನ್ನಡದಲ್ಲೂ ಇರುವುದರಿಂದ ಕಾಗುಣಿತ ನೋಡುವ ತಂತ್ರಾಂಶ ಸುಮ್ಮನಿರುತ್ತದೆ.

ಬಜೆಟ್ ಕಡತಗಳ ‘ಸಂಶೋಧಿತ್ ಅನುಮಾನ್’ ತಗೊಳ್ಳಿ. ಅದು ಪರಿಷ್ಕೃತ ಅಂದಾಜು. ಲಿಪಿಯಷ್ಟೇ ಬದಲಿಸಿ ‘ಸಂಶೋಧಿತ ಅನುಮಾನ’ ಎಂದರೆ ಯಾರ ಮೇಲೋ ಸಂಶಯಪಟ್ಟ ಹಾಗೆ ಕೇಳುತ್ತದೆ. ಸಂಶೋಧನ ಎಂದರೆ ಮೂಲದಲ್ಲಿ ಶುದ್ಧಗೊಳಿಸುವುದು. ಹಿಂದಿ ಅದನ್ನು ತಿದ್ದುಪಡಿಗೆ ಇಟ್ಟುಕೊಂಡಿತು, ಕನ್ನಡ ಹುಡುಕಾಟದ ಕಡೆ ಎಳೆದುಕೊಂಡಿತು. ನಮ್ಮ ಸಂಶೋಧನೆಗೆ ಹಿಂದಿಯಲ್ಲಿ ‘ಅನುಸಂಧಾನ್’.

ಮರಾಠಿ ಕಡತವಾದರೆ ಲೆಕ್ಕವೇ ಬೇರೆ. ಲಿಪಿ ಅದೇ ದೇವನಾಗರಿ, ಆದರೆ ಅಲ್ಲಿ ಸಂಶೋಧನ ಎಂದರೆ ನಮ್ಮ ಸಂಶೋಧನೆಯೇ. ಸಂವಿಧಾನ ತಿದ್ದುಪಡಿಗೆ ಮರಾಠಿಯವರು ‘ಘಟನಾದುರುಸ್ತಿ’ ಅನ್ನುತ್ತಾರೆ. ಘಟನೆ, ದುರಸ್ತಿ ಎರಡೂ ನಮಗೆ ಬೇರೆಯೇ ಅರ್ಥ ಕೊಡುತ್ತವೆ. ಆದ್ದರಿಂದ ಕೆಲಸ ಶುರುಮಾಡುವ ಮೊದಲು ಮೂಲ ಯಾವ ಭಾಷೆ ಎಂದು ನೋಡಿ. ವಾಕ್ಯದ ಕೊನೆಯಲ್ಲಿ ‘ಹೈ’ ಬಂದರೆ ಹಿಂದಿ, ‘ಆಹೇ’ ಬಂದರೆ ಮರಾಠಿ.

ವಾಕ್ಯದೊಳಗೆ ತಪ್ಪು ಪದ ಕೂತರೂ ಓದುಗರು ಹೇಗೋ ಊಹಿಸಿಕೊಳ್ಳುತ್ತಾರೆ. ಅರ್ಜಿಯ ಕಾಲಂಗೆ ಆ ಆಸರೆ ಇಲ್ಲ. ಹಿಂದಿ ಅರ್ಜಿ ‘ವ್ಯವಸಾಯ್’ ಎಂದು ಕೇಳುವುದು ವೃತ್ತಿಯನ್ನು. ಕನ್ನಡದಲ್ಲೂ ‘ವ್ಯವಸಾಯ’ ಎಂದೇ ಅಚ್ಚಾದರೆ ರೈತರು ಬೆಳೆ, ಎಕರೆ ಬರೆಯಬಹುದು. ಜಮೀನಿಲ್ಲದವರು ಖಾಲಿ ಬಿಡಬಹುದು. ‘ಉದ್ಯೋಗ್ ವಿಭಾಗ್’ ಕೈಗಾರಿಕಾ ಇಲಾಖೆ, ಕೆಲಸ ಕೊಡಿಸುವ ಕಚೇರಿಯಲ್ಲ. ‘ಅರ್ಜಿತ್ ಅವಕಾಶ್’ ಗಳಿಕೆ ರಜೆ, ‘ಮಾತೃತ್ವ ಅವಕಾಶ್’ ಹೆರಿಗೆ ರಜೆ. ತಲೆಬರಹ, ಕಾಲಂ, ಬಟನ್ ಇವನ್ನು ಉಳಿದ ಪಠ್ಯದಿಂದ ಬೇರ್ಪಡಿಸಿ ಒಮ್ಮೆ ಓದಲೇಬೇಕು ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಕರಡು ಮುಗಿದ ಮೇಲೆ ಇಂಥ ಪದಗಳ ಪಟ್ಟಿ ಹಿಡಿದು ಹುಡುಕಿ: ಸಂಶೋಧನೆ, ಅನುಮಾನ, ಅವಕಾಶ, ವ್ಯವಸಾಯ, ಉದ್ಯೋಗ, ಶಿಕ್ಷೆ (ಹಿಂದಿಯ ‘ಶಿಕ್ಷಾ’ ಎಂದರೆ ಶಿಕ್ಷಣ), ಉಪನ್ಯಾಸ (ಹಿಂದಿಯಲ್ಲಿ ಕಾದಂಬರಿ), ಪ್ರಬಂಧ (ಹಿಂದಿಯಲ್ಲಿ ನಿರ್ವಹಣೆ). ಪೂರ್ತಿ ಪದ ಹೊಂದಬೇಕು ಎಂಬ ಆಯ್ಕೆ ತೆಗೆದುಬಿಡಿ, ಇಲ್ಲದಿದ್ದರೆ ‘ಅವಕಾಶಕ್ಕೆ’, ‘ಅವಕಾಶವನ್ನು’ ತಪ್ಪಿಸಿಕೊಳ್ಳುತ್ತವೆ. ‘ಸಂಶೋಧ’ ಎಂದಷ್ಟೇ ಕೊಟ್ಟರೆ ಸಂಶೋಧನೆ, ಸಂಶೋಧನಾ, ಸಂಶೋಧಿತ ಮೂರೂ ಸಿಗುತ್ತವೆ. ‘ಶಿಕ್ಷ’ ಮಾತ್ರ ಹಾಗೆ ಕೊಡಬೇಡಿ. ಶಿಕ್ಷಣ, ಶಿಕ್ಷಕ ಎಲ್ಲ ಬಂದು ತುಂಬಿಕೊಳ್ಳುತ್ತವೆ. ‘ಶಿಕ್ಷೆ’, ‘ಶಿಕ್ಷಾ’ ಬೇರೆ ಬೇರೆ ಹುಡುಕಿ. ಸಿಕ್ಕ ಪ್ರತಿಯೊಂದನ್ನೂ ಮೂಲದ ಎದುರಿಟ್ಟು ನೋಡಿ, ಏಕೆಂದರೆ ಒಂದೇ ಏಟಿಗೆ ಎಲ್ಲ ಬದಲಿಸಿದರೆ ಸರಿಯಾಗಿದ್ದ ‘ಅವಕಾಶ’ವೂ ರಜೆಯಾಗಿಬಿಡುತ್ತದೆ.

ಯೋಜನೆಗಳ ಹೆಸರನ್ನು ನೀವೇ ಅನುವಾದಿಸಬೇಡಿ, ರಾಜ್ಯದಲ್ಲಿ ಬಳಕೆಯಲ್ಲಿರುವ ರೂಪ ನೋಡಿ. 2018ರಲ್ಲಿ ಕೇಂದ್ರ ತಂದ ‘ಸಮಗ್ರ ಶಿಕ್ಷಾ’ ಇಲ್ಲಿ ‘ಸಮಗ್ರ ಶಿಕ್ಷಣ ಕರ್ನಾಟಕ’.